ಗಾಯರಾಣದ ಒಂಟಿ ಚೌಕ

ನನ್ನ ಹೆಸರು ನನಗಿಂತ ಮೊದಲು ಇನ್ನೊಬ್ಬಳದಾಗಿತ್ತು. ಅವಳು ನನ್ನ ಅಕ್ಕ. ನಾನು ಹುಟ್ಟುವುದಕ್ಕೆ ಮುಂಚೆ, ಇನ್ನೂ ಅಂಬೆಗಾಲಿಡುವ ವಯಸ್ಸಿನಲ್ಲೇ ಜ್ವರ ಬಂದು ತೀರಿಕೊಂಡಳು. ಆಮೇಲೆ ನನ್ನನ್ನು ತೊಟ್ಟಿಲಿಗೆ ಹಾಕುವ ದಿನ ಹೊಸ ಹೆಸರು ಹುಡುಕುವ ಗೋಜಿಗೆ ಯಾರೂ ಹೋಗಲಿಲ್ಲ. ಹೋದ ಕೂಸೇ ತಿರುಗಿ ಬಂತು ಎಂದುಕೊಂಡು ಅದೇ ಹೆಸರಿಟ್ಟರು. ನಮ್ಮ ಮನೆತನದಲ್ಲಿ ಹಾಗೆ ಮಾಡುವುದುಂಟು. ಬುದ್ಧಿ ಬಂದ ಮೇಲೆ ನನಗೆ ಇದು ತಿಳಿದು ಸಿಟ್ಟು ಬಂದಿತ್ತು. ದೊಡ್ಡವರ ಹಳೆಯ ಅಂಗಿ ಸಣ್ಣವರಿಗೆ ತೊಡಿಸುವುದು ಎಲ್ಲರ ಮನೆಯಲ್ಲೂ ಇದೆ, ಹೆಸರನ್ನೂ ಹಾಗೇ ತೊಡಿಸಿಬಿಡುವುದೇ?

ಆಗ ನಾವು ಯಾದಗಿರಿ ಹತ್ತಿರದ ಮುದನಾಳದಲ್ಲಿದ್ದೆವು. ದೀಪ ಹಚ್ಚುವ ಹೊತ್ತಿಗೆ ಅವ್ವ ಬಾಗಿಲಲ್ಲಿ ನಿಂತು ಆ ಹೆಸರು ಕೂಗುತ್ತಿದ್ದಳು. ನಾನು ಆಟ ಬಿಟ್ಟು ಓಡಿ ಬರುತ್ತಿದ್ದೆ. ಅವಳ ಕಣ್ಣು ನನ್ನ ತಲೆಯ ಮೇಲಿಂದ ಹಾದು ಹಿಂದಿನ ದಾರಿಯಲ್ಲಿ ಇರುತ್ತಿತ್ತು, ಇನ್ನೂ ಯಾರೋ ಬರಬೇಕಾಗಿದೆ ಅನ್ನುವ ಹಾಗೆ. ನಾನೂ ತಿರುಗಿ ನೋಡುತ್ತಿದ್ದೆ. ದಾರಿ ಖಾಲಿ.

“ಬಂದೀನಲ್ಲಬೇ,” ಅಂದರೆ, “ಹೂಂ, ಬಂದಿ,” ಅನ್ನುತ್ತಿದ್ದಳು.

ಕೈಕಾಲು ತೊಳೆದು ಊಟಕ್ಕೆ ಕೂತಾಗಲೂ ನನ್ನ ಬೆನ್ನ ಹಿಂದೆ ಯಾರೋ ನಿಂತ ಹಾಗೆ ಅನ್ನಿಸುತ್ತಿತ್ತು. ಹೆದರಿಕೆಯಾಗುತ್ತಿತ್ತು, ಸುಳ್ಳು ಯಾಕೆ ಹೇಳಲಿ. ಅಪ್ಪ ಮಾತ್ರ ನನ್ನನ್ನು ಆ ಹೆಸರಿನಿಂದ ಎಂದೂ ಕರೆಯಲಿಲ್ಲ. ‘ಸಣ್ಣಾಕಿ’ ಅನ್ನುತ್ತಿದ್ದ. ಮನೆಯಲ್ಲಿ ಇದ್ದವಳು ನಾನೊಬ್ಬಳೇ. ಒಬ್ಬಳೇ ಇದ್ದವಳು ಸಣ್ಣವಳು ಹೇಗಾದಾಳು ಎಂದು ನಾನೂ ಕೇಳಲಿಲ್ಲ. ಅವನು ಕುರಿ ಹಿಂಡಿನ ಜೊತೆ ವರ್ಷದಲ್ಲಿ ಮುಕ್ಕಾಲು ಪಾಲು ಹೊರಗೇ ಇರುತ್ತಿದ್ದ. ಬಂದರೂ ಮಾತಿನಲ್ಲಿ ಬಹಳ ಜಿಪುಣ.

ಈಗ ಅಪ್ಪ ಇಲ್ಲ. ಅವ್ವ ನನ್ನ ಜೊತೆ ಯಾದಗಿರಿಯಲ್ಲಿದ್ದಾಳೆ. ನಾನು ಇಲ್ಲಿ ಒಂದು ಸಣ್ಣ ಕಚೇರಿಯಲ್ಲಿ ಕೆಲಸ ಮಾಡುತ್ತೇನೆ. ಊರ ದನಕುರಿ ಮೇಯಲೆಂದು ಬಿಟ್ಟ ನೆಲಕ್ಕೆ ನಮ್ಮಲ್ಲಿ ಗಾಯರಾಣ ಅನ್ನುತ್ತಾರೆ. ಆ ಗಾಯರಾಣಗಳನ್ನು ಉಪಗ್ರಹದ ಚಿತ್ರಗಳಲ್ಲಿ ನೋಡುತ್ತ, ಎಲ್ಲಿ ಹುಲ್ಲು ಹೆಚ್ಚಿತು, ಎಲ್ಲಿ ಹೋಯಿತು ಎಂದು ವರ್ಷ ವರ್ಷಕ್ಕೂ ಹೋಲಿಸಿ ನಕಾಶೆ ಮಾಡುವುದು ನನ್ನ ಕೆಲಸ. ಅವ್ವನಿಗೆ ಅದು ಕೆಲಸವೇ ಅಲ್ಲ. “ದಿನಾ ಆ ಪರದೆ ಮುಂದ ಕುಂತು ಏನ್ ಹುಡುಕ್ತೀಯೋ. ಎರಡು ಕುರಿ ಕಟ್ಟಿದ್ರ ಮರಿಯಾದ್ರೂ ಹಾಕ್ತಿದ್ದವು,” ಅನ್ನುತ್ತಿದ್ದಳು.

ನಮ್ಮ ಚಿತ್ರಗಳೆಂದರೆ ಅಂದಚಂದದ ಫೋಟೋಗಳಲ್ಲ, ಬಣ್ಣದ ಚೌಕಗಳು. ಹಳೆಯ ಚಿತ್ರಗಳಲ್ಲಿ ಒಂದು ಚೌಕ ಅಂದರೆ ನೆಲದ ಮೇಲೆ ಮೂವತ್ತು ಮೀಟರ್ ಉದ್ದ, ಅಷ್ಟೇ ಅಗಲ. ಅದರೊಳಗೆ ಬಂಡೆಯಿರಲಿ, ಬಾವಿಯಿರಲಿ, ಎಲ್ಲ ಸೇರಿ ಒಂದೇ ಬಣ್ಣ. ಜೀವ ಇರುವ ಹಸಿರು ನಮ್ಮ ಪರದೆಯಲ್ಲಿ ಕೆಂಪಾಗಿ ಕಾಣುತ್ತದೆ, ಒಣನೆಲ ಬಿಳಿಚಿಕೊಂಡಿರುತ್ತದೆ. ಹುಲ್ಲು ಮಳೆಗಾಲದಲ್ಲಿ ಕೆಂಪಾಗಿ, ಯುಗಾದಿ ಹೊತ್ತಿಗೆ ಮಾಸುತ್ತದೆ. ಬಳ್ಳಾರಿ ಜಾಲಿ ಹಾಗಲ್ಲ, ಉರಿಬಿಸಿಲಲ್ಲೂ ಕೆಂಪಾಗೇ ಇರುತ್ತದೆ. ಈ ಮುಳ್ಳಿನ ಗಿಡ ಒಂದೊಂದಾಗಿ ಬಂದು ಈಗ ಅರ್ಧಕ್ಕರ್ಧ ಗಾಯರಾಣ ನುಂಗಿದೆ. ಹೊಸದಾಗಿ ಸೇರಿದವರು ಬೇಸಿಗೆಯ ಚಿತ್ರ ನೋಡಿ ‘ಹಸಿರು ಹೆಚ್ಚಿದೆ, ಗಾಯರಾಣ ಸುಧಾರಿಸಿದೆ’ ಎಂದು ಬರೆದುಬಿಡುತ್ತಾರೆ. ದೂರದ ಬೆಟ್ಟ ನುಣ್ಣಗೆ ಅನ್ನುವ ಮಾತು ಆಕಾಶದಿಂದ ನೋಡುವವರಿಗೆ ಇನ್ನೂ ಹೆಚ್ಚು ಹೊಂದುತ್ತದೆ.

ನಮ್ಮ ಕೆಲಸದಲ್ಲಿ ಇನ್ನೊಂದು ರೂಢಿಯಿದೆ. ಸುತ್ತಲಿನ ಎಂಟು ಚೌಕಗಳೂ ಒಂದು ಬಣ್ಣವಾಗಿ ನಡುವಿನದೊಂದು ಬೇರೆಯಿದ್ದರೆ, ಅದನ್ನು ಚಿತ್ರದ ದೋಷವೆಂದು ತಿಳಿದು ಸುತ್ತಲಿನ ಬಣ್ಣವನ್ನೇ ಅದಕ್ಕೂ ಬಳಿಯುತ್ತೇವೆ. ಒಂದು ಗುಂಡಿ ಒತ್ತಿದರೆ ಸಾಕು, ಇಡೀ ತಾಲ್ಲೂಕಿನ ಒಂಟಿ ಚೌಕಗಳೆಲ್ಲ ಗುಂಪಿನಲ್ಲಿ ಕರಗಿ ಹೋಗುತ್ತವೆ. ನಕಾಶೆ ನೀಟಾಗುತ್ತದೆ. ಸಾಹೇಬರಿಗೂ ನೀಟೇ ಬೇಕು.

ಒಂದು ಭಾನುವಾರ ಲ್ಯಾಪ್‌ಟಾಪ್ ಮನೆಗೆ ತಂದಿದ್ದೆ. ಅವ್ವ ಪಕ್ಕದಲ್ಲಿ ಮೊರ ಹಿಡಿದು ಜೋಳ ಕೇರುತ್ತಿದ್ದಳು. ಶಹಾಪುರ ಮತ್ತು ಸುರಪುರದ ನಡುವೆ, ಹೆದ್ದಾರಿ ಬಿಟ್ಟು ಒಳಗೆ, ಗುಡ್ಡದ ಬೆನ್ನಿಗಿರುವ ಒಂದು ಗಾಯರಾಣದ ಚಿತ್ರ ನನ್ನ ಮುಂದಿತ್ತು. ಅದು ಯಾವ ಊರೆಂದು ಕೇಳಿದಳು, ಹೇಳಿದೆ. ಅವಳ ಕೈ ನಿಂತಿತು.

“ಇದು ಯಾವಾಗಿನ ಚಿತ್ರ?”

“ಬಾಳ ಹಳೇದು. ನಾ ಹುಟ್ಟೋಕಿಂತ ಮೊದಲಿನವೂ ಅವ.”

“ಹಂಗಾದ್ರ ಅದ್ರಾಗ ನನ್ನ ಕೂಸು ಕಾಣ್ತದೇನು?”

“ಯವ್ವಾ, ಇದೇನು ಫೋಟೋ ಸ್ಟುಡಿಯೋ ಅಂತ ಮಾಡೀಯೇನು?” ಎಂದು ನಕ್ಕುಬಿಟ್ಟೆ. ನಕ್ಕ ಮೇಲೆ ಗೊತ್ತಾಯಿತು ಅವಳು ಯಾವ ಕೂಸನ್ನು ಕೇಳುತ್ತಿದ್ದಾಳೆಂದು.

ಅವ್ವ ಮೊರ ಬದಿಗಿಟ್ಟು ಹೇಳಿದಳು. ಅಷ್ಟು ಪೂರ್ತಿಯಾಗಿ ಅವಳು ಹೇಳಿದ್ದು ಅದೇ ಮೊದಲು. ಆ ವರ್ಷ ಅಪ್ಪ, ದೊಡ್ಡಪ್ಪ, ಕಂಕುಳಲ್ಲಿ ಕೂಸು ಹೊತ್ತ ಅವ್ವ ಮೂವರೂ ಹಿಂಡಿನ ಜೊತೆ ಹೊರಟಿದ್ದರು. ಹೊಲಗಳನ್ನೆಲ್ಲ ಬಿತ್ತನೆಗೆ ಹದ ಮಾಡುವ ಕಾಲವಾದ್ದರಿಂದ ಕುರಿಗಳನ್ನು ಆ ಗಾಯರಾಣಕ್ಕೆ ಏರಿಸಿದ್ದರು. ಮುಂಗಾರಿನ ಮೊದಲ ಮಳೆ, ಮಿರಗದ ಮಳೆ ಹಿಡಿಯಿತು. ಕೂಸಿಗೆ ಜ್ವರ ಬಂತು. ಹಳ್ಳ ತುಂಬಿ, ಇಳಿದು ಹೋಗುವುದಕ್ಕೆ ದಾರಿಯಿರಲಿಲ್ಲ. ಹಳ್ಳ ಇಳಿಯುವುದರೊಳಗೆ ಕೂಸು ಹೋಯಿತು.

ಸಣ್ಣ ಕೂಸನ್ನು ಹೂಳುವುದೇ ಪದ್ಧತಿ. ಆದರೆ ಬಯಲಿನಲ್ಲಿ ಹೂತರೆ ನರಿ ಬಿಡುವುದಿಲ್ಲ, ನಾಯಿ ಬಿಡುವುದಿಲ್ಲ. ಕಲ್ಲಿಟ್ಟು ಗುರುತು ಮಾಡಿದರೆ ಏನೋ ಹುಗಿದಿದ್ದಾರೆಂದು ಮನುಷ್ಯರೇ ಕೆದಕುತ್ತಾರೆ. ಅದಕ್ಕೆ ಕುರಿಯವರು ಕಂಡುಕೊಂಡ ಉಪಾಯ ಒಂದಿತ್ತು. ಕೂಸನ್ನು ಹೂತು, ನೆಲ ಸಮ ಮಾಡಿ, ಅದರ ಮೇಲೆಯೇ ಮುಳ್ಳಿನ ಬೇಲಿ ಕಟ್ಟಿ ಕುರಿಹಟ್ಟಿ ಹಾಕಿಬಿಡುವುದು. ಇಡೀ ಹಿಂಡು ಅಲ್ಲೇ ಮಲಗುತ್ತದೆ. ಗೊರಸಿನಲ್ಲಿ ಮಣ್ಣು ಗಟ್ಟಿಯಾಗುತ್ತದೆ. ಹಿಕ್ಕಿಯ ವಾಸನೆಯಲ್ಲಿ ಬೇರೆಲ್ಲ ವಾಸನೆ ಮುಚ್ಚಿಹೋಗುತ್ತದೆ. ಹಟ್ಟಿ ಕಿತ್ತಾಗ ಹೂತವನಿಗೂ ಜಾಗ ಗುರುತು ಹತ್ತುವುದಿಲ್ಲ.

“ಕುರಿ ಕೆಳಗ ಮಲಗಿಸಿದ್ರ ಕೂಸಿಗೆ ಬೆಚ್ಚಗ ಇರತದ ಅಂತ ನಿಮ್ಮ ದೊಡ್ಡಪ್ಪ ಅಂದಿದ್ದ,” ಎಂದಳು ಅವ್ವ.

ಅವಳಿಗೂ ಜ್ವರ ಏರಿತ್ತು. ಮಾರನೆಯ ದಿನ ಅವಳನ್ನು ಗಾಡಿಯಲ್ಲಿ ಹಾಕಿ ಮುದನಾಳಕ್ಕೆ ಕಳಿಸಿದರು. ಆಮೇಲೆ ಅವಳು ಹಿಂಡಿನ ಜೊತೆ ಹೋಗಲೇ ಇಲ್ಲ. ಜಾಗ ಎಲ್ಲಿ ಎಂದು ಅಪ್ಪನನ್ನು ಎಷ್ಟು ಸಲ ಕೇಳಿದರೂ ಅವನದು ಒಂದೇ ಉತ್ತರ: “ಗುಡ್ಡ ಎಲ್ಲಾ ಒಂದೇ ಥರ ಅದ. ನನಗೂ ಗೊತ್ತಿಲ್ಲ.” ಸಾಯುವ ತನಕವೂ ಅದನ್ನೇ ಹೇಳಿದ. ದೊಡ್ಡಪ್ಪ ಅವನಿಗಿಂತ ಮುಂಚೆಯೇ ಹೋಗಿದ್ದ. ಕೂಸನ್ನು ಹೂತ ಇಬ್ಬರೂ ಜಾಗ ಹೇಳದೆಯೇ ಹೋದರು.

“ಒಂದು ಸಲ ಆ ಜಾಗಾದಾಗ ಕುಂತು ಬರಬೇಕು ನಾನು,” ಅಂದಳು. “ಮತ್ತೇನೂ ಬ್ಯಾಡ ನನಗ.”

ಆ ಗಾಯರಾಣದ ಚಿತ್ರ ನನ್ನ ಮುಂದಿದ್ದದ್ದು ಸುಮ್ಮನೆ ಅಲ್ಲ. ಅಲ್ಲಿನ ಜಾಲಿಯನ್ನೆಲ್ಲ ಜೆಸಿಬಿಯಿಂದ ಕೀಳಿಸಿ, ನೆಲ ಅಗೆದು ಹುಲ್ಲಿನ ಬೀಜ ಹಾಕಬೇಕೆಂದು ತೀರ್ಮಾನವಾಗಿತ್ತು. ಯಂತ್ರ ಎಲ್ಲಿ ಇಳಿಯಬೇಕೆಂದು ತೋರಿಸುವ ನಕಾಶೆ ನನ್ನ ಕೈಯಲ್ಲೇ ತಯಾರಾಗುತ್ತಿತ್ತು. ಮುಚ್ಚಿಡುವುದು ಸರಿಯಲ್ಲ ಅನ್ನಿಸಿ ಹೇಳಿದೆ.

“ಅಗೀತಾರೇನು?” ಎಂದು ಕೇಳಿದಳು.

“ಬೇರು ಸಮೇತ ಕೀಳ್ತಾರಬೇ. ಇಲ್ಲಂದ್ರ ಜಾಲಿ ಮತ್ತ ಚಿಗೀತದ.”

ಅವ್ವ ನನ್ನ ಮುಖವನ್ನು ನೇರವಾಗಿ ನೋಡಿದಳು. “ಇಷ್ಟು ವರ್ಷ ನರಿ ಅಗೀಲಿಲ್ಲ. ಈಗ ನೀ ಅಗಿಸ್ತಿ.”

ಅದನ್ನು ಅವಳು ಸಿಟ್ಟಿನಲ್ಲಿ ಹೇಳಲಿಲ್ಲ. ಸಿಟ್ಟಿನಲ್ಲಿ ಹೇಳಿದ್ದರೆ ನಾನೂ ಎದುರಾಡಿ ಹಗುರಾಗುತ್ತಿದ್ದೆ.

ಗುರುತೆಂದು ಅವಳಲ್ಲಿ ಉಳಿದದ್ದು ಒಂದೇ. ಶಹಾಪುರದ ಗುಡ್ಡಸಾಲು ದೂರದಿಂದ ಅಂಗಾತ ಮಲಗಿದ ಮನುಷ್ಯನಂತೆ ಕಾಣುತ್ತದೆ. ಈಗ ಎಲ್ಲರೂ ಬುದ್ಧ ಅನ್ನುತ್ತಾರೆ, ನಮ್ಮ ಕುರಿಯವರಿಗೆ ಬರೇ ‘ಮಲಗಿದಾಂವ’. “ಆ ಹಟ್ಟಿ ಬಾಗಲಾಗ ನಿಂತ್ರ ಮಲಗಿದಾಂವನ ಪಾದ ಕಾಣ್ತಿದ್ದವು. ತಲಿ ಕಾಣ್ತಿರಲಿಲ್ಲ, ನಡುವ ದಿನ್ನಿ ಅಡ್ಡ ಬರತಿತ್ತು,” ಎಂದಳು.

ಬೇರೆಯವರಿಗೆ ಇದು ಯಾವ ಗುರುತೂ ಅಲ್ಲ. ನನ್ನ ಕೆಲಸದವರಿಗೆ ಸಾಕು. ನೆಲದ ಏರಿಳಿತವೆಲ್ಲ ನಮ್ಮಲ್ಲಿದೆ. ಯಾವ ಜಾಗದಲ್ಲಿ ನಿಂತರೆ ಗುಡ್ಡದ ಯಾವ ಭಾಗ ಕಾಣುತ್ತದೆ, ಯಾವುದು ಮರೆಯಾಗುತ್ತದೆ ಎಂದು ಕಂಪ್ಯೂಟರನ್ನು ಕೇಳಬಹುದು. ಮರುದಿನ ಊಟದ ವೇಳೆಯಲ್ಲಿ ಎಲ್ಲರೂ ಹೊರಗೆ ಹೋದಾಗ ಕೇಳಿದೆ. ತಲೆ ಮರೆಯಾಗಿ ಪಾದ ಮಾತ್ರ ಕಾಣುವ ಇಳಿಜಾರು ಆ ಗಾಯರಾಣದಲ್ಲಿ ಒಂದೇ ಇತ್ತು. ಆ ಇಳಿಜಾರಿನ ಹಳೆಯ ಚಿತ್ರಗಳನ್ನು ಗುಂಡಿ ಒತ್ತದೆ, ಇದ್ದ ಹಾಗೇ ಒಂದರ ಮೇಲೊಂದು ತೆರೆದೆ. ಮಳೆಗಾಲದ ಎಷ್ಟೋ ಚಿತ್ರಗಳಲ್ಲಿ ಮೋಡ ಬಿಟ್ಟರೆ ಏನೂ ಇರಲಿಲ್ಲ. ಮೋಡ ಸರಿದ ಚಿತ್ರಗಳಲ್ಲಿ ಒಂದು ಚೌಕ ಕಂಡಿತು.

ಕುರಿ ತಂಗಿದ ನೆಲದ ಗುಣ ನನಗೆ ಹುಟ್ಟಿನಿಂದ ಗೊತ್ತು. ಹಿಕ್ಕಿ ಬಿದ್ದ ಜಾಗ ಮೊದಲು ಕಪ್ಪಗಿರುತ್ತದೆ, ಮಳೆ ಬಿದ್ದೊಡನೆ ಬೇರೆಲ್ಲ ಕಡೆಗಿಂತ ಮುಂಚೆ ಹಸಿರಾಗುತ್ತದೆ, ಒಣಗುವಾಗಲೂ ಎಲ್ಲಕ್ಕಿಂತ ಹಿಂದೆ. ಆ ಚೌಕ ಹಾಗೇ ಮಾಡಿತ್ತು. ಸುತ್ತ ಎಂಟೂ ಕಡೆ ನೆಲ ಬಿಳಿಚಿಕೊಂಡಿರುವಾಗ ತಾನೊಂದು ಕೆಂಪಗೆ, ಕುಂಕುಮದ ಬೊಟ್ಟಿನಷ್ಟು. ಮುಂದಿನ ವರ್ಷಗಳಲ್ಲಿ ಜಾಲಿ ಏರಿ ಬಂದು ಬೇಸಿಗೆಯಲ್ಲೂ ಸುತ್ತಲೆಲ್ಲ ಕೆಂಪಾಯಿತು. ಆಗ ಅದೊಂದೇ ಬಿಳಿಚಿಕೊಂಡು ಕೂತಿತು. ಅಲ್ಲಿ ಜಾಲಿ ಬೆಳೆಯಲೇ ಇಲ್ಲ. ಗುಂಪು ಹೇಗಿದ್ದರೂ ತಾನು ಬೇರೆ. ನನಗೆ ನಗು ಬಂತು. ಈ ಹಟಮಾರಿತನ ನನಗೂ ಇದೆ, ಹೆಸರಿನ ಗುಣವೇ ಇರಬೇಕು.

ಆಮೇಲೆ ಇನ್ನೊಂದು ಕಂಡಿತು, ನಗು ಅಲ್ಲಿಗೇ ನಿಂತಿತು. ಒಂದು ವರ್ಷ ಹಟ್ಟಿ ಹಾಕಿದರೆ ಕಪ್ಪು ಒಂದು ವರ್ಷ ಕಾಣಬೇಕು. ಮಿರಗಕ್ಕೆ ಮುಂಚಿನ ಚಿತ್ರಗಳಲ್ಲಿ ಆ ಚೌಕ ಮರುವರ್ಷವೂ ಕಪ್ಪಗಾಗಿತ್ತು. ಅದರ ಮರುವರ್ಷವೂ. ನಾನು ಹುಟ್ಟಿದ ವರ್ಷ, ನಾನು ಶಾಲೆ ಸೇರಿದ ವರ್ಷ, ನಾನು ಹತ್ತನೇ ತರಗತಿ ಮುಗಿಸಿದ ವರ್ಷ. ಯಾರೋ ಪ್ರತಿ ವರ್ಷ ಮಿರಗಕ್ಕೆ ಮುಂಚೆ ಹಿಂಡು ತಂದು, ಅಷ್ಟು ದೊಡ್ಡ ಗಾಯರಾಣ ಬಿಟ್ಟು, ಅದೇ ಜಾಗದಲ್ಲಿ ಹಟ್ಟಿ ಹಾಕಿದ್ದರು. ಅಪ್ಪ ಮೊಣಕಾಲು ನೋವೆಂದು ಕುರಿ ಮಾರಿದ ವರ್ಷ ನನಗೆ ನೆನಪಿದೆ. ಆ ವರ್ಷದ ಚಿತ್ರ ತೆರೆದೆ. ಆ ವರ್ಷ ಕಪ್ಪು ಇರಲಿಲ್ಲ.

ಗೊತ್ತಿಲ್ಲ ಅಂದಿದ್ದ ಮನುಷ್ಯ ವರ್ಷವೂ ಹೋಗಿದ್ದ. ಒಬ್ಬಳೇ ಇದ್ದ ನನ್ನನ್ನು ಸಣ್ಣಾಕಿ ಅನ್ನುತ್ತಿದ್ದದ್ದು ಯಾಕೆಂದು ಆ ಕುರ್ಚಿಯಲ್ಲಿ ಕೂತು ನನಗೆ ತಿಳಿಯಿತು. ಅವನ ಪಾಲಿಗೆ ದೊಡ್ಡವಳು ಇನ್ನೂ ಇದ್ದಳು. ಹೆಸರು ಅವಳದೇ ಆಗಿತ್ತು, ಅದನ್ನು ಅವನು ನನಗೆ ಕೊಟ್ಟಿರಲಿಲ್ಲ. ನನಗೆ ಅಳು ಬಂತು. ಅಳು ಮುಗಿದ ಮೇಲೆ ಅವನ ಮೇಲೆ ವಿಪರೀತ ಸಿಟ್ಟು ಬಂತು.

ಸಂಜೆ ಅವ್ವ ರೊಟ್ಟಿ ಬಡಿಯುತ್ತಿದ್ದಾಗ ಹೇಳಿದೆ. ಜಾಗ ಸಿಕ್ಕಿದ್ದನ್ನೂ ಹೇಳಿದೆ, ಅಪ್ಪ ಹೋಗುತ್ತಿದ್ದದ್ದನ್ನೂ ಹೇಳಿದೆ. ಅವಳು ಬಡಿಯುವುದನ್ನು ನಿಲ್ಲಿಸಲಿಲ್ಲ. ರೊಟ್ಟಿ ತೆಳ್ಳಗಾಗಿ, ಇನ್ನೂ ತೆಳ್ಳಗಾಗಿ, ಅಂಚಿನಲ್ಲಿ ಹರಿಯಿತು.

“ಗೊತ್ತಿತ್ತು ಆಂವಗ,” ಅಂದಳು. “ನನ್ನ ಬಾಜೂಕ ಕುಂತು ಉಣತಿದ್ದ. ಗೊತ್ತಿಟಗೊಂಡು ಉಣತಿದ್ದ.” ಆಮೇಲೆ ಸತ್ತವನನ್ನು ಬಾಯಿಗೆ ಬಂದಂತೆ ಬೈದಳು. ನಾನು ತಡೆಯಲಿಲ್ಲ, ನನಗೂ ಬೈಯಬೇಕಿತ್ತು. ಹರಿದ ರೊಟ್ಟಿಯನ್ನು ಮುದ್ದೆ ಮಾಡಿ ಮತ್ತೆ ಬಡಿಯತೊಡಗಿದ ಮೇಲೆ ಅವಳ ದನಿ ಇಳಿಯಿತು. “ಹಂಗಾದ್ರ ಕೂಸು ಒಂಟಿ ಇರಲಿಲ್ಲ ಬಿಡು.”

ಯಂತ್ರ ಬರುವುದಕ್ಕೆ ಮುಂಚೆ ಇಬ್ಬರೂ ಹೊರಟೆವು. ಶಹಾಪುರದವರೆಗೆ ಬಸ್ಸು, ಅಲ್ಲಿಂದ ಆಟೋ, ಆಮೇಲೆ ಕಾಲುದಾರಿ. ಮೊಬೈಲಿನಲ್ಲಿ ಆ ಚೌಕದ ಗುರುತು ಹಾಕಿಕೊಂಡು ಮುಂದೆ ನಾನು, ಹಿಂದೆ ಅವ್ವ. ಎರಡೂ ಕಡೆಯಿಂದ ಜಾಲಿ ಸೀರೆ ಹಿಡಿಯುತ್ತಿತ್ತು. ಹಿಂದೆ ಹೆಜ್ಜೆಯ ಸಪ್ಪಳ ಕೇಳುವಾಗ ಎರಡು ಮೂರು ಸಲ ತಿರುಗಿ ನೋಡಿದೆ. ಅವ್ವನೇ ಬರುತ್ತಿದ್ದಳು, ಅವಳ ಹಿಂದೆ ಯಾರೂ ಇರಲಿಲ್ಲ. ಚಿಕ್ಕಂದಿನ ರೂಢಿ ಹೋಗಿರಲಿಲ್ಲ.

ಜಾಲಿ ಇದ್ದಕ್ಕಿದ್ದಂತೆ ಮುಗಿದು ಒಂದು ಸಣ್ಣ ಬಯಲು ಬಂತು. ಬೇಸಿಗೆಯ ಕೊನೆ, ಕರಿಕಿ ಹುಲ್ಲು ಒಣಗಿ ನೆಲಕ್ಕೆ ಅಂಟಿಕೊಂಡಿತ್ತು. ಅಂಚಿನಲ್ಲಿ ಮುಳ್ಳಿನ ಬೇಲಿಯ ಒಂದು ಹಟ್ಟಿ, ಕುರಿಮರಿಗಳಿಗೆ ಸೊಪ್ಪು ಹಾಕುತ್ತಿದ್ದ ಗಂಡ ಹೆಂಡತಿ. ಅವ್ವ ಬಯಲಿನ ನಡುವೆ ಹೋಗಿ ಶಹಾಪುರದ ಕಡೆ ತಿರುಗಿ ನಿಂತಳು. ದಿನ್ನೆಯ ಆಚೆ ಗುಡ್ಡಸಾಲಿನ ತುದಿ ಕಂಡಿತು, ಜೋಡಿಸಿಟ್ಟ ಎರಡು ಪಾದ. ತಲೆ ಕಾಣುತ್ತಿರಲಿಲ್ಲ.

ಅವಳು ನಿಂತಲ್ಲೇ ಕುಸಿದು ಕೂತು, ಅಂಗೈಯನ್ನು ನೆಲಕ್ಕೆ ಒತ್ತಿ ಹಿಡಿದಳು.

ನಾನು ಬ್ಯಾಗಿನಿಂದ ನಾಲ್ಕು ಕಬ್ಬಿಣದ ಗೂಟ, ಕೆಂಪು ರಿಬ್ಬನ್ ತೆಗೆದೆ. ಸುತ್ತ ಕಟ್ಟಿ, ನಕಾಶೆಯಲ್ಲೂ ಬಿಡಿಸಿ ಜೆಸಿಬಿಯವರಿಗೆ ತೋರಿಸಬೇಕೆಂದಿದ್ದೆ. ಅವ್ವ ಕೈ ಹಿಡಿದಳು.

“ನಿಶಾನಿ ಹಾಕಬ್ಯಾಡ. ನಿಶಾನಿ ಕಂಡ್ರ ಮಂದಿ ಕೇಳ್ತಾರ, ಕೇಳಿದವರು ಕೆದಕ್ತಾರ.”

“ನಿಶಾನಿ ಇಲ್ದ ನಾ ಹ್ಯಾಂಗ ಉಳಿಸ್ಲಿಬೇ? ಡ್ರೈವರಗ ಏನಂತ ಹೇಳಲಿ?”

“ನಿಮ್ಮಪ್ಪ ಹ್ಯಾಂಗ ಉಳಿಸಿದ?”

ನಾನು ಗೂಟಗಳನ್ನು ಮತ್ತೆ ಬ್ಯಾಗಿಗೆ ಹಾಕಿದೆ. ಅವ್ವ ಎದ್ದು ಆ ಗಂಡ ಹೆಂಡತಿಯ ಹತ್ತಿರ ಹೋದಳು. ಗೋಗಿ ಎಂಬ ಊರಿನ ಕಡೆಯವರಂತೆ. ಇದು ಹಳೇ ಹಟ್ಟಿ ಜಾಗ, ಹಿಂದಿನವರು ಹಾಕುತ್ತಿದ್ದರು, ಹುಲ್ಲು ಚೆನ್ನಾಗಿ ಬರುತ್ತದೆಂದು ತಾವೂ ಹಾಕುತ್ತೇವೆ ಎಂದರು. ಅವ್ವ ಸುತ್ತಿ ಬಳಸಲಿಲ್ಲ.

“ಇಲ್ಲಿ ನನ್ನ ಕೂಸು ಮಲಗ್ಯದವ್ವಾ. ಮಶೀನು ಬರಾಕತ್ತದಂತ. ಅದು ಹೋಗೋ ತನಕ ನಿಮ್ಮ ಕುರಿ ಜರಾ ನಡುವ ನಿಂದ್ರಸ್ತೀರೇನು?”

ಹೆಂಡತಿ ಯಾವಾಗ, ಎಷ್ಟು ವರ್ಷದ್ದು, ಏನಾಗಿತ್ತು ಎಂದು ಒಂದೂ ಕೇಳಲಿಲ್ಲ. “ನಿಂದ್ರಸ್ತೀವ್ರಿ ಯವ್ವಾ,” ಅಂದಳು. “ನಮ್ಮತ್ತೀದೂ ಒಂದು ಕೂಸು ಹಿಂಗ ಮಲಗ್ಯದ. ನಾರಾಯಣಪುರದ ಕಡಿ, ಆ ಜಾಗ ಈಗ ಡ್ಯಾಮಿನ ನೀರಾಗ ಮುಳುಗ್ಯದ. ಆ ಕಡಿ ಹೋದಾಗ ದಂಡಿ ಮ್ಯಾಲರೆ ಕುರಿ ನಿಂದ್ರಸಿ ಬರ್ತೀವಿ.” ಗಂಡ ಆಗಲೇ ಬೇಲಿಯ ಮುಳ್ಳು ಎಳೆದು ಹಟ್ಟಿಯನ್ನು ಬಯಲಿನ ನಡುವಿಗೆ ಸರಿಸತೊಡಗಿದ್ದ.

ಯಂತ್ರ ಬಂದ ದಿನ ನಕಾಶೆ ಹಿಡಿದುಕೊಂಡು ನಾನೂ ಅಲ್ಲಿದ್ದೆ. ಅವ್ವನನ್ನು ಮನೆಯಲ್ಲೇ ಬಿಟ್ಟಿದ್ದೆ. ಮೂವತ್ತು ಮೀಟರಿನ ಚೌಕದೊಳಗೆ ಕೂಸು ಯಾವ ಮೂಲೆಯಲ್ಲಿದೆ ಎಂದು ಆಕಾಶಕ್ಕೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಬೇಲಿಯ ಆಚೆಯೇ ಇದ್ದರೆ? ಜೆಸಿಬಿಯ ಬಕೆಟ್ಟು ಒಂದೊಂದು ಜಾಲಿಯ ಬೊಡ್ಡೆ ಎತ್ತಿದಾಗಲೂ ಉದುರುವ ಮಣ್ಣನ್ನೇ ನೋಡುತ್ತಿದ್ದೆ. ಬೇರು, ಕಲ್ಲು, ಮತ್ತೆ ಬೇರು. ಬೆಳ್ಳಗೆ ಏನಾದರೂ ಕಂಡರೆ ಹತ್ತಿರ ಹೋಗಿ ಬಗ್ಗಿ ನೋಡುತ್ತಿದ್ದೆ. ಸುಣ್ಣಕಲ್ಲಾಗಿರುತ್ತಿತ್ತು.

ಯಂತ್ರ ಬೇಲಿಯ ಹತ್ತಿರ ಬಂದು ನಿಂತಿತು. ಕುರಿಗಳು ಒಂದಕ್ಕೊಂದು ಒತ್ತಿಕೊಂಡು, ಸದ್ದಿಗೆ ಬೆದರಿದರೂ ಕದಲದೆ ನಿಂತಿದ್ದವು. ಆ ಹೆಂಗಸು ಅವುಗಳ ನಡುವೆ ಕೋಲು ಊರಿ ನಿಂತಿದ್ದಳು.

“ಕುರಿ ಅದಾವ್ರಿ ಮೇಡಂ. ಹ್ಯಾಂಗ ಮಾಡ್ಲಿ?” ಎಂದ ಡ್ರೈವರ್.

“ಅಲ್ಲಿ ಜಾಲಿ ಇಲ್ರೀ, ಹುಲ್ಲದ. ಸುತ್ತ ಹಾಕ್ಕೊಂಡು ಹೋಗ್ರಿ.”

ಅದು ಸುಳ್ಳಲ್ಲ. ಸಾಹೇಬರು ಫೋನಿನಲ್ಲಿ, ಇವತ್ತು ಕೆಲಸವಿದೆಯೆಂದು ತಿಳಿಸಿದ ಮೇಲೂ ಕುರಿ ಯಾಕೆ ಅಲ್ಲೇ ಇವೆ ಎಂದು ರೇಗಿದರು. ಊರವರಿಗೆ ತಿಳಿಸಿದ್ದೇವೆ, ಕುರಿಗಳಿಗೆ ನೋಟಿಸು ಹೋಗಿರಲಿಲ್ಲ ಅಂದೆ. ಅವರು ನಕ್ಕರೋ ಇಲ್ಲವೋ ತಿಳಿಯಲಿಲ್ಲ, ಫೋನ್ ಇಟ್ಟರು. ಜೆಸಿಬಿ ಹಿಂದೆ ಸರಿದು, ಬೇಲಿಯನ್ನು ಬಳಸಿ ಆಚೆ ಕಡೆ ಹೋಯಿತು. ನಾನು ಅಲ್ಲೇ ಒಂದು ಕಲ್ಲಿನ ಮೇಲೆ ಕೂತೆ.

ಆಮೇಲೆ ನನ್ನ ಕೆಲಸ ಮೊದಲಿನಂತಿಲ್ಲ. ನಕಾಶೆ ನೀಟು ಮಾಡುವ ಗುಂಡಿಯನ್ನು ನಾನು ಒತ್ತುವುದಿಲ್ಲ. ಒತ್ತಲೇಬೇಕೆಂದಾಗ ಪಕ್ಕದ ಮೇಜಿನವನಿಗೆ ಕೊಡುತ್ತೇನೆ. “ಮೇಡಂಗ ಚಿತ್ರದಾಗಿನ ಧೂಳಿನ ಮ್ಯಾಲೂ ಕರುಣಾ ಬಂದದ,” ಎಂದು ಅವನು ಚೇಷ್ಟೆ ಮಾಡುತ್ತಾನೆ. ಗುಡ್ಡದ ಇಳಿಜಾರುಗಳಲ್ಲಿ, ಹೊಳೆಯ ದಂಡೆಯಲ್ಲಿ, ಯಾವುದೋ ಊರಿನ ಆಚೆ ಅಲ್ಲೊಂದು ಇಲ್ಲೊಂದು ಒಂಟಿ ಚೌಕ ಕೆಂಪಗೆ ಕೂತಿರುತ್ತದೆ. ಬರೇ ಹಿಕ್ಕಿಯ ಗುರುತಿರಬಹುದು, ಹಳೆಯ ಹಟ್ಟಿ ಇರಬಹುದು. ನೀರಿನಲ್ಲಿ ಮುಳುಗಿದ್ದು ಯಾವ ಚಿತ್ರದಲ್ಲೂ ಕಾಣುವುದಿಲ್ಲ. ಪರದೆ ಮುಚ್ಚಿ ಮನೆಗೆ ಹೊರಟಾಗ ಎಷ್ಟೋ ಸಲ, ಅವೆಲ್ಲ ನಾನು ಹೋಗುವುದನ್ನು ನೋಡುತ್ತಿವೆ ಅನ್ನಿಸುತ್ತದೆ.

ಮಿರಗ ಬಂತು. ಮೋಡ ಬಿಡುವು ಕೊಟ್ಟ ಮೊದಲ ಚಿತ್ರದಲ್ಲಿ, ಅಗೆದು ಬೀಜ ಹಾಕಿದ ನೆಲವೆಲ್ಲ ಇನ್ನೂ ಬಿಳಿಚಿಕೊಂಡಿರುವಾಗ ಆ ಚೌಕ ಕೆಂಪಾಗಿತ್ತು. ಅವ್ವನಿಗೆ ತೋರಿಸಿದೆ. ಅವಳು ಅದರ ಮೇಲೆ ಬೆರಳಿಟ್ಟು, “ಮತ್ತೊಮ್ಮೆ ಕರಕೊಂಡು ಹೋಗು,” ಎಂದಳು.

ಈ ಸಲ ಜಾಲಿ ಇರಲಿಲ್ಲ, ದೂರದಿಂದಲೇ ಬಯಲು ಕಂಡಿತು. ಕುರಿಯವರು ಹಟ್ಟಿ ಕಿತ್ತು ಮುಂದೆ ಹೋಗಿದ್ದರು. ಕರಿಕಿ ಪಾದ ಮುಚ್ಚುವಷ್ಟು ಬೆಳೆದಿತ್ತು. ಅವ್ವ ಬುತ್ತಿ ಬಿಚ್ಚಿ, ಒಂದು ತುತ್ತು ಮೊಸರನ್ನ ಹುಲ್ಲಿನ ಮೇಲಿಟ್ಟಳು. ಆಮೇಲೆ ನೇರವಾಗಿ ನಿಂತು, ಮುದನಾಳದ ಬಾಗಿಲಲ್ಲಿ ನಿಂತು ಕೂಗುತ್ತಿದ್ದ ಅದೇ ದನಿಯಲ್ಲಿ ಹೆಸರು ಕೂಗಿದಳು.

“ಯಾಕಬೇ?” ಅಂದೆ. ಹುಟ್ಟಿದಾಗಿನಿಂದ ಆ ಕೂಗಿಗೆ ಓಗೊಟ್ಟ ಬಾಯಿ.

ಅವಳು ತಿರುಗಿ ನನ್ನನ್ನು ನೋಡಿದಳು. ಈ ಸಲ ನನ್ನ ತಲೆಯ ಮೇಲಿಂದ ನೋಡಲಿಲ್ಲ, ನನ್ನನ್ನೇ ನೋಡಿದಳು.

“ನಿನ್ನ ಕರೀಲಿಲ್ಲ,” ಎಂದಳು.

ನಾನು ದೂರ ಹೋಗಿ, ಬೆನ್ನು ತಿರುಗಿಸಿ, ಮಲಗಿದವನ ಪಾದಗಳನ್ನು ನೋಡುತ್ತ ನಿಂತೆ. ಅವರಿಬ್ಬರ ನಡುವೆ ನಾನು ಯಾಕೆ. ಬೆನ್ನ ಹಿಂದೆ ಅವ್ವ ಮೆಲ್ಲಗೆ ಏನೋ ಹೇಳುತ್ತಿದ್ದಳು, ಗಾಳಿಗೆ ಕೇಳಿಸಲಿಲ್ಲ. ಬಿಸಿಲು ಇಳಿಯಿತು. ಮತ್ತೆ ಹೆಸರು ಕೂಗಿದಳು. ನಾನು ಅಲ್ಲಾಡಲಿಲ್ಲ. ಇನ್ನೊಮ್ಮೆ ಕೂಗಿದಳು. ಆಗಲೂ ಓಗೊಡಲಿಲ್ಲ.

ಹುಲ್ಲಿನಲ್ಲಿ ಹೆಜ್ಜೆಯ ಸಪ್ಪಳವಾಯಿತು. ಅವ್ವ ಬಂದು ನನ್ನ ಮೊಣಕೈ ಹಿಡಿದಳು.

“ಆಗಿಂದ ನಿನ್ನೇ ಕರಿಯಾಕತ್ತೇನಿ,” ಎಂದಳು. “ಕೇಳಸ್ಲಿಲ್ಲೇನು? ನಡಿ, ಬಸ್ ಹೋಗ್ತದ.”